ಹುತಾತ್ಮರ ಹೆಸರು ಕೈಗೆ ಸಿಗುವಂತಿರಲಿ

ಸಂಪಾದಕರಿಗೆ ನಮಸ್ಕಾರ.

ನಾನು ಬೆಟಗೇರಿಯವನು. ಕಲ್ಲಿನ ಮೇಲೆ ಅಕ್ಷರ ಕೆತ್ತುವುದು ನನ್ನ ಕಸುಬು. ನಮ್ಮಪ್ಪನದೂ ಅದೇ. ಗುಡಿಯ ಕಟ್ಟೆಗೆ ದಾನಿಗಳ ಹೆಸರು, ಶಾಲೆಯ ಅಡಿಗಲ್ಲು, ಗೋರಿ ಕಲ್ಲು, ಎಲ್ಲಾ ಮಾಡಿದ್ದೇನೆ. ನಲವತ್ತು ವರ್ಷ ಆಯಿತು. ಹೋದ ತಿಂಗಳು ಹುತಾತ್ಮ ಯೋಧರ ಸ್ಮಾರಕವೊಂದನ್ನು ನೋಡಿ ಬಂದೆ. ಅಂದಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಅದಕ್ಕೇ ಈ ಪತ್ರ.

ಊರಿನ ಹೆಸರು ಬರೆಯುವುದಿಲ್ಲ. ನಮ್ಮ ಕಡೆಯದೇ ಊರು. ಕಟ್ಟಿದವರು ಒಳ್ಳೆ ಮನಸ್ಸಿನಿಂದಲೇ ಕಟ್ಟಿದ್ದಾರೆ. ಕನ್ನಡಿಯಂತೆ ಹೊಳೆಯುವ ಕಪ್ಪು ಗ್ರಾನೈಟ್, ಸುತ್ತ ಸ್ಟೀಲ್ ಕಂಬಿ, ಮೇಲೆ ಸಿಮೆಂಟಿನ ಬಂದೂಕು, ಅದರ ತುದಿಗೆ ಶಿರಸ್ತ್ರಾಣ. ನಾಲ್ಕು ಯೋಧರ ಹೆಸರು. ಕೆಳಗೆ ದೇಣಿಗೆ ಕೊಟ್ಟವರ ಹೆಸರು. ದೇಣಿಗೆ ಕೊಟ್ಟವರ ಅಕ್ಷರವೇ ದೊಡ್ಡದು.

ಆ ನಾಲ್ಕರಲ್ಲಿ ಒಂದು ಹೆಸರಿನ ಕೊನೆಯ ‘ಪ್ಪ’ ಒಡೆದು ‘ಪ್‌ಪ’ ಆಗಿತ್ತು. ಹೀಗೆ ಯಾಕೆ ಆಗುತ್ತದೆ ಅಂತ ನನಗೆ ಗೊತ್ತು. ಕಂಪ್ಯೂಟರಿನಲ್ಲಿ ಒಂದು ಫಾಂಟಿನಲ್ಲಿ ಟೈಪ್ ಮಾಡುತ್ತಾರೆ, ಕೆತ್ತುವ ಮಷೀನಿನ ಸಾಫ್ಟ್‌ವೇರ್‌ಗೆ ಕನ್ನಡದ ಒತ್ತು ಕೂಡಿಸಲು ಬರುವುದಿಲ್ಲ. ಮಷೀನ್ ನಡೆಸುವ ಹುಡುಗನಿಗೆ ಕನ್ನಡ ಬರದಿದ್ದರೆ ಹಾಗೇ ಕೆತ್ತಿ ಕಳಿಸುತ್ತಾನೆ. ನಮ್ಮ ಭಾಗದಲ್ಲಿ ಎಷ್ಟು ಜನರ ಹೆಸರು ‘ಪ್ಪ’ದಲ್ಲಿ ಮುಗಿಯುತ್ತದೆ, ನೀವೇ ಲೆಕ್ಕ ಹಾಕಿ. ಇದೊಂದು ಒತ್ತು ಸರಿ ಇಲ್ಲ ಅಂದರೆ ಅರ್ಧ ಊರಿನ ಹೆಸರು ತಪ್ಪಾಯಿತು, ಅಲ್ವಾ?

ಆ ಯೋಧನ ತಂಗಿ ಅಲ್ಲೇ ನಿಂತಿದ್ದಳು. ‘ನಮ್ಮಣ್ಣನ ಹೆಸರು ಹಿಂಗ ಬರಿಯೂದಿಲ್ರಿ’ ಅಂದಳು. ತಾಯಿ ಕೂಡ ಬಂದಿದ್ದರು. ಅವರಿಗೆ ಓದಲು ಬರುವುದಿಲ್ಲ. ‘ಎಲ್ಲೈತಿ?’ ಅಂತ ಕೇಳಿದರು. ಮಗಳು ಅವರ ಕೈ ಹಿಡಿದು ಕಲ್ಲಿನ ಮೇಲೆ ಇಟ್ಟಳು. ಆ ತಾಯಿ ಅಂಗೈಯನ್ನು ಆಚೆ ಈಚೆ ಆಡಿಸಿದರು. ಅಕ್ಷರ ಅಷ್ಟು ತೆಳ್ಳಗೆ ಇದ್ದವು, ಅದರ ಮೇಲೆ ಬಂಗಾರದ ಬಣ್ಣ ತುಂಬಿದ್ದರು. ಕೈಗೆ ಏನೂ ಸಿಗಲಿಲ್ಲ. ನುಣ್ಣನೆ ಕಲ್ಲು ಅಷ್ಟೇ.

ಬೆಟಗೇರಿಯಲ್ಲಿ ವೀರಗಲ್ಲುಗಳ ಸಾಲೇ ಇದೆ. ಚಿಕ್ಕವನಿದ್ದಾಗ ನಮ್ಮಪ್ಪ ಅಲ್ಲಿಗೆ ಕರಕೊಂಡು ಹೋಗಿ, ‘ಇವನ್ನ ಕೈಯಿಂದ ನೋಡು, ಕಣ್ಣಿಂದ ಆಮೇಲೆ ನೋಡು’ ಅನ್ನುತ್ತಿದ್ದ. ಯುದ್ಧ ಸ್ಮಾರಕ ಅಂದರೆ ದಿಲ್ಲಿಯಿಂದ ಬಂದದ್ದು ಅಂತ ಬಹಳ ಜನ ತಿಳಿದಿದ್ದಾರೆ. ನಮ್ಮ ಹೊಲದ ಬದುವಿನಲ್ಲಿ, ಹನುಮಪ್ಪನ ಗುಡಿಯ ಹಿಂದೆ ಸುಣ್ಣ ಬಳಿಸಿಕೊಂಡು ನಿಂತ ಕಲ್ಲುಗಳೆಲ್ಲ ಏನು ಹಾಗಾದರೆ?

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಮನೆಯಲ್ಲಿ, ಅಂದರೆ ಕೆತ್ತನೆಯ ಕೆಳಗಿನ ಅಂಕಣದಲ್ಲಿ, ಕಾಳಗ. ದನ ಹೊಡಕೊಂಡು ಹೋಗುವವರನ್ನು ತಡೆದು ಸತ್ತವನಾದರೆ ಅಲ್ಲೇ ಆಕಳುಗಳೂ ಇರುತ್ತವೆ. ಮೇಲಿನ ಮನೆಯಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರಕೊಂಡು ಹೋಗುತ್ತಾರೆ. ಅದರ ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ನಡುವಿನ ಪಟ್ಟಿಗಳಲ್ಲಿ ಬರಹ: ಯಾರ ಕಾಲ, ಯಾವ ಊರು, ಯಾರು ಸತ್ತರು, ಕಲ್ಲು ನಿಲ್ಲಿಸಿದವರು ಯಾರು. ಚಿತ್ರ ಓದು ಬಾರದವರಿಗೆ, ಪಟ್ಟಿ ಓದು ಬಲ್ಲವರಿಗೆ. ಆ ತಾಯಿಯಂಥವರನ್ನೂ ನೆನೆದು ಮಾಡಿದ ಕೆಲಸ ಅದು.

ಮಂಡ್ಯ ಕಡೆಯ ಆತಕೂರಿನಲ್ಲಿ ಸುಮಾರು 950ರಲ್ಲಿ ನಿಲ್ಲಿಸಿದ ಕಲ್ಲೊಂದು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಗಂಗರ ಅರಸ ಬೂತುಗನ ಬಂಟ ಮಣಲೇರ. ಚೋಳರ ವಿರುದ್ಧ ತಕ್ಕೋಲದ ಯುದ್ಧದಲ್ಲಿ ಕಾದಿದ್ದಕ್ಕೆ ಏನು ಬೇಕು ಕೇಳು ಅಂದಾಗ ಅವನು ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿದರು. ಅಷ್ಟೇ ಅಲ್ಲ, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಪೂಜೆ ಮಾಡದೆ ಉಂಡರೆ ಗೊರವನಿಗೆ, ಅಂದರೆ ಶಿವನ ಪೂಜಾರಿಗೆ, ಪಾಪ ತಟ್ಟುತ್ತದೆ ಅಂತ ಕಲ್ಲಿನ ಮೇಲೇ ಬರೆಸಿದರು. ಒಂದು ನಾಯಿಯ ಹೆಸರನ್ನು ಒಂದು ಅಕ್ಷರ ತಪ್ಪಿಲ್ಲದೆ ಸಾವಿರ ವರ್ಷ ಉಳಿಸಿದ ನಾಡು ಇದು. ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ಹೊಲಕ್ಕೆ ‘ನೆತ್ತರುಗೊಡಗೆ’ ಅನ್ನುತ್ತಿದ್ದರು. ಆ ಮಾತನ್ನು ಬಾಯಲ್ಲಿ ಹೇಳುವಾಗಲೇ ಮೈ ಜುಮ್ಮೆನ್ನುತ್ತದೆ.

ಮಗನ ಜೊತೆ ಒಮ್ಮೆ ದಿಲ್ಲಿಗೆ ಹೋಗಿದ್ದೆ. ಇಂಡಿಯಾ ಗೇಟ್ 42 ಮೀಟರ್ ಎತ್ತರ, 1931ರಲ್ಲಿ ಉದ್ಘಾಟನೆ ಆದದ್ದು. 13,000ಕ್ಕೂ ಜಾಸ್ತಿ ಹೆಸರು ಕೆತ್ತಿದ್ದಾರೆ. ಆದರೆ ಬಹಳಷ್ಟು ಹೆಸರು ಕತ್ತೆತ್ತಿ ನೋಡಿದರೂ ಓದಲು ಆಗುವುದಿಲ್ಲ. ಅದರ ಹತ್ತಿರವೇ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕ ನನಗೆ ಜಾಸ್ತಿ ಹಿಡಿಸಿತು. ಒಂದರೊಳಗೊಂದು ನಾಲ್ಕು ಚಕ್ರ. ನಡುವೆ ಕಂಬ, ಅದರ ಬುಡದಲ್ಲಿ ಆರದ ಜ್ಯೋತಿ. ತ್ಯಾಗ ಚಕ್ರದಲ್ಲಿ ಒಬ್ಬ ಯೋಧನಿಗೆ ಒಂದು ಗ್ರಾನೈಟ್ ಇಟ್ಟಿಗೆ. ಸ್ವಾತಂತ್ರ್ಯ ಬಂದ ಮೇಲೆ ಸತ್ತ 25,000ಕ್ಕೂ ಜಾಸ್ತಿ ಯೋಧರ ಹೆಸರು ಅಲ್ಲಿವೆ. ಅಷ್ಟು ಜನರಲ್ಲೂ ಒಬ್ಬೊಬ್ಬನಿಗೂ ಅವನದೇ ಕಲ್ಲು! ನಾಲ್ಕು ಹೆಸರು ಇರುವ ಊರಿಗೆ ಇದು ಕಷ್ಟವೇ?

2016ರ ಫೆಬ್ರುವರಿ 12ರಂದು ಹುಬ್ಬಳ್ಳಿ ನೆಹರೂ ಮೈದಾನದ ಸಾಲಿನಲ್ಲಿ ನಾನೂ ನಿಂತಿದ್ದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೋಡಲು. ಸಿಯಾಚಿನ್‌ನಲ್ಲಿ 19,000 ಅಡಿಗೂ ಎತ್ತರದಲ್ಲಿ ಹತ್ತು ಜನ ಹಿಮದಡಿ ಸಿಕ್ಕಿದ್ದರು. ಆರು ದಿನದ ಮೇಲೆ ಇವರೊಬ್ಬರನ್ನು ಜೀವಂತ ತೆಗೆದಾಗ ನಮ್ಮ ಓಣಿಯಲ್ಲಿ ಹೆಂಗಸರು ದೇವರಿಗೆ ಹರಕೆ ಹೊತ್ತಿದ್ದರು. 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಹನುಮಂತಪ್ಪ ಕೊಪ್ಪದ. ಆ ಹೆಸರಲ್ಲಿ ಎರಡು ಕಡೆ ‘ಪ್ಪ’ ಬರುತ್ತದೆ. ಸ್ಮಾರಕದ ಮುಂದೆ ನಿಂತಾಗ ನನಗೆ ಮೊದಲು ನೆನಪಾದದ್ದು ಅದೇ.

ಮಷೀನೇ ಬೇಡ ಅಂತ ನಾನು ಹೇಳುವುದಿಲ್ಲ. ಕಲ್ಲು ಕೊಯ್ಯಲು, ಮಟ್ಟ ಮಾಡಲು ಅದು ಬೇಕು. ಹೆಸರನ್ನು ಮಾತ್ರ ಕೈಯಿಂದ ಕೆತ್ತಿಸಿ. ಎರಡು ಸೂತ, ಅಂದರೆ ಕಾಲು ಇಂಚು ಆಳ ಇರಲಿ. ತಳ ಚೂಪಾಗಿ, ಎರಡೂ ಬದಿ ಇಳಿಜಾರಾಗಿ ಕೆತ್ತಿದರೆ ಬಿಸಿಲು ಒಂದು ಬದಿಗೆ ಬೀಳುತ್ತದೆ, ಇನ್ನೊಂದು ಬದಿಗೆ ನೆರಳು ನಿಲ್ಲುತ್ತದೆ. ಅಕ್ಷರ ತಾನೇ ಕಾಣುತ್ತದೆ, ಬಣ್ಣ ಬೇಡ. ಬಣ್ಣ ಬಿಸಿಲಿಗೆ ಎರಡು ಬೇಸಿಗೆ ತಡೆಯುವುದಿಲ್ಲ. ಪಾಲಿಶ್ ಕೂಡ ಬೇಡ, ಹೊಳಪಿನಲ್ಲಿ ನೋಡುವವರ ಮುಖವೇ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಸಾಲುಗಳ ನಡುವೆ ಒತ್ತಿಗೆ ಜಾಗ ಬಿಡಿ. ಇಂಗ್ಲಿಷ್ ಅಕ್ಷರಕ್ಕೆ ಹಾಕಿದ ಅಳತೆಯಲ್ಲಿ ಕನ್ನಡ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನವನ ತಲೆಯ ಮೇಲೆ ಕೂರುತ್ತದೆ. ಯೋಧನ ಊರು, ಅವನ ರೆಜಿಮೆಂಟ್, ತೀರಿಕೊಂಡ ದಿನ ಬರೆಯಿರಿ. ಎದೆಯ ಎತ್ತರಕ್ಕೆ ಇರಲಿ, ವಯಸ್ಸಾದವರ ಕೈ ಎಟುಕಬೇಕು. ಕೆತ್ತುವ ಮೊದಲು ಕಲ್ಲಿನ ಮೇಲೆ ಗೇರಿನಲ್ಲಿ, ಅಂದರೆ ಕೆಂಪು ಮಣ್ಣಿನ ಬಣ್ಣದಲ್ಲಿ, ಬರೆದು ಮನೆಯವರನ್ನು ಕರೆಸಿ ತೋರಿಸಿ. ನಮ್ಮಪ್ಪ ಗೋರಿ ಕಲ್ಲಿಗೂ ಹೀಗೇ ಮಾಡುತ್ತಿದ್ದ. ಅವರು ಹೂಂ ಅಂದ ಮೇಲೆಯೇ ಚಾಣ ಹಿಡಿಯುತ್ತಿದ್ದ.

ದೇಣಿಗೆಯವರ ಹೆಸರನ್ನು ಹಿಂಭಾಗಕ್ಕೆ ಹಾಕಿದರೆ ಅವರೇನೂ ಬೇಜಾರು ಮಾಡಿಕೊಳ್ಳಲಾರರು. ಸ್ಮಾರಕಕ್ಕೆ ಅಂತ ವರ್ಷಕ್ಕೊಂದಿಷ್ಟು ಹಣವನ್ನೂ ತೆಗೆದಿಡಬೇಕು. ಜುಲೈ 26ರ ಕಾರ್ಗಿಲ್ ದಿವಸಕ್ಕೆ ಹೂವಿನ ಹಾರ ಬೀಳುತ್ತದೆ, ಆಮೇಲೆ ಆ ಹಾರವನ್ನು ತೆಗೆಯುವವರೇ ಇರುವುದಿಲ್ಲ.

ಕೆತ್ತಿದ ಗ್ರಾನೈಟ್‌ನಲ್ಲಿ ತಪ್ಪು ತಿದ್ದಲು ಬರುವುದಿಲ್ಲ. ಆ ಹೆಸರಿನ ಪಟ್ಟಿಯಷ್ಟನ್ನು ಕೊಯ್ದು ಬೇರೆ ಕಲ್ಲು ಕೂರಿಸಬೇಕು. ನನ್ನ ಅಂಗಳದಲ್ಲಿ ಅಷ್ಟಕ್ಕೆ ಸಾಕಾಗುವ ಕಲ್ಲು ಇದೆ. ಆ ಊರಿನ ಹಿರಿಯರು ಈ ಪತ್ರ ಓದಿದರೆ ದಯವಿಟ್ಟು ಹೇಳಿ ಕಳಿಸಲಿ. ಎರಡು ದಿನದ ಕೆಲಸ, ಒಂದು ರೂಪಾಯಿಯೂ ಬೇಡ. ಕೆತ್ತುವ ದಿನ ಆ ತಾಯಿಯನ್ನು ಕರಕೊಂಡು ಬಂದರೆ ಸಾಕು.

— ಒಬ್ಬ ಅಕ್ಷರ ಕೆತ್ತುವವ, ಬೆಟಗೇರಿ, ಗದಗ