ಮೊಳೆಯ ಮೇಲಿನ ಜಪಸರ

ಕೋಡಿಬಾಗ, ಕಾರವಾರ
ಜೂನ್ 19

ಪ್ರೀತಿಯ ಬಾಯ್,

ನೀನು ಜಾರ್ಖಂಡಿನ ಮಿಷನ್ನಿಗೆ ರೈಲು ಹತ್ತಿದ ಮರುದಿನ ಚಹಾಕ್ಕೆ ನೀರಿಡಲು ಹೋದಾಗ ಕಂಡಿತು. ಸೌಟು ತೂಗುಹಾಕುವ ಮೊಳೆಯಲ್ಲಿ ನಿನ್ನ ಜಪಸರ. ಸಿಸ್ಟರ್ ಆಗಿ ಕೊನೆಯ ವ್ರತ ತೊಟ್ಟ ದಿನ ಕೊಟ್ಟಿದ್ದು, ಕಪ್ಪು ಮರದ ಮಣಿಯದ್ದು. ಮರೆತು ಹೋದೆಯೋ, ಬಿಟ್ಟು ಹೋದೆಯೋ ತಿಳಿಯಲಿಲ್ಲ. ಫೋನಿನಲ್ಲಿ ಕೇಳೋಣ ಎಂದರೆ ಎರಡು ಮಾತಿಗೆ ಇಟ್ಟುಬಿಡುತ್ತೀ. ಅದಕ್ಕೇ ಕಾಗದ. ಮನೆಯಲ್ಲಿ ಜಗಳವೆಲ್ಲ ಕೊಂಕಣಿಯಲ್ಲೇ, ಬರೆಯಲು ಕೂತರೆ ಮಾತ್ರ ನನಗೂ ನಿನಗೂ ಶಾಲೆಯ ಕನ್ನಡವೇ ಕೈಗೆ ಬರುತ್ತದೆ. ಒಳ್ಳೆಯದೇ ಆಯಿತು. ಕನ್ನಡದಲ್ಲಿ ನನಗೆ ಅಷ್ಟು ಬೈಯಲು ಬರುವುದಿಲ್ಲ.

ಆ ರಾತ್ರಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. "ಸಿಸ್ಟರ್ ಆಗಿ ಜಪಕ್ಕೆ ಬಾಯಿ ತೆರೆಯುವುದಿಲ್ಲವಾ" ಎಂದು ನಾನು ಅಂದದ್ದು ತಪ್ಪು. ಈ ಒಂದು ಸಾಲಿಗೆ ಮೂರು ದಿನ ಹಿಡಿಯಿತು.

ಆದರೆ ಜಪಕ್ಕೂ ಮೊದಲು, ಊಟಕ್ಕೆ ಕೂತಾಗ, ಬಂಗಡೆಯ ಮುಳ್ಳು ಬಿಡಿಸುತ್ತಾ ನೀನು ಒಂದು ಮಾತು ಹೇಳಿದೆ. "ಬೆಳಗಾಗದಿದ್ದರೂ ನಡೆಯುತ್ತಿತ್ತು" ಎಂದೆ. ನನಗೆ ಕೇಳಿಸಿತು. ಕೇಳಿಸದವಳ ಹಾಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಇಷ್ಟು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ವಾರ್ಡಿನಲ್ಲಿ ಯಾರ ಬಾಯಲ್ಲಿ ಈ ಮಾತು ಬಂದಿದ್ದರೂ ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಪಕ್ಕದಲ್ಲಿ ಕೂರುತ್ತಿದ್ದೆ. ಸ್ವಂತ ಮಗಳು ಹೇಳಿದಾಗ ಸಾರು ಬಡಿಸಿದೆ. ಆಮೇಲೆ ಆ ಹೆದರಿಕೆಯನ್ನೆಲ್ಲ ಜಪಸರದ ಮೇಲೆ ಹಾಕಿ ಗದರಿದೆ.

ಈಗ ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ಸಾಯಬೇಕು ಎಂಬ ಯೋಚನೆ ಬರುತ್ತಿದೆಯಾ? ಬಂದರೆ ದಿನಕ್ಕೊಮ್ಮೆಯೋ, ವಾರಕ್ಕೊಮ್ಮೆಯೋ? ಹೇಗೆ ಎಂದೂ ಯೋಚಿಸಿದ್ದೀಯಾ? ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ಸುಳ್ಳು, ಕೇಳಿದರೆ ಎದೆ ಹಗುರಾಗುತ್ತದೆ. ಹೌದು ಎಂದಾದರೆ ಈ ಕಾಗದ ಅಲ್ಲೇ ಮಡಚಿಡು. ಯಾರಾದರೊಬ್ಬ ಸಿಸ್ಟರನ್ನು ಜೊತೆಗೆ ಕೂರಿಸಿಕೊಂಡು 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರ್ಕಾರದ್ದು, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಎತ್ತುತ್ತಾರೆ. ಅದೇ ದಿನ ಡಾಕ್ಟರಿಗೂ ತೋರಿಸು. ಮಠದ ಅಪ್ಪಣೆ, ಕೌನ್ಸಿಲು, ನಿಮ್ಮ ಮೇಲಧಿಕಾರಿ ಪ್ರೊವಿನ್ಶಿಯಲ್ಲು ಎಲ್ಲ ಅದರ ನಂತರ.

ಅಷ್ಟಿಲ್ಲ, ಬರೀ ಸುಸ್ತು ಎಂದಾದರೆ ಮುಂದೆ ಓದು.

ದುಡಿದು ದುಡಿದು ಬತ್ತಿಹೋಗುವುದಕ್ಕೆ ಬರ್ನೌಟ್ ಎಂಬ ಪದವನ್ನು 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಬಳಕೆಗೆ ತಂದ. ಅವನು ಅದನ್ನು ಕಂಡದ್ದು ಕಂಪನಿ ನೌಕರರಲ್ಲಲ್ಲ, ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ. ಸೇವೆ ಎಂದುಕೊಂಡೇ ದುಡಿಯುತ್ತಿದ್ದವರು ಅವರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗ ಎನ್ನುವುದಿಲ್ಲ, ಕೆಲಸಕ್ಕೆ ಅಂಟಿದ ಸ್ಥಿತಿ ಎನ್ನುತ್ತದೆ. ಅದರ ಗುರುತು ಮೂರು. ಮೈಮನಸ್ಸಿನ ಶಕ್ತಿ ಬತ್ತುವುದು, ಕೆಲಸದ ಮೇಲೆ ಜಿಗುಪ್ಸೆ ಬರುವುದು, ತನ್ನ ಕೈಯಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಮೊದಲೆಲ್ಲ ರಜೆಗೆ ಬಂದರೆ ನೀನು ನಿನ್ನ ಹಾಸ್ಟೆಲಿನ ಒಂದೊಂದು ಹುಡುಗಿಯ ಹೆಸರು ಹೇಳಿ ನಗಿಸುತ್ತಿದ್ದೆ. ಈ ಸಲ "ಅರವತ್ತು ತಲೆ" ಎಂದೆ. ಅದು ಎರಡನೆಯ ಗುರುತು. ಇದರಲ್ಲಿ ದೇವರ ಮೇಲಿನ ವಿಶ್ವಾಸ ಹೋಯಿತು ಎಂಬುದು ಎಲ್ಲಿಯೂ ಇಲ್ಲ, ನೋಡು.

ಹಳೆಯ ಸನ್ಯಾಸಿಗಳಿಗೂ ಬೇಸರದ ಕಾಟ ಗೊತ್ತಿತ್ತು. ನಾಲ್ಕನೇ ಶತಮಾನದಲ್ಲಿ ಇವಾಗ್ರಿಯುಸ್ ಎಂಬ ಮರುಭೂಮಿಯ ತಪಸ್ವಿ ಅದನ್ನು ನಡುಹಗಲ ದೆವ್ವ ಎಂದು ಕರೆದಿದ್ದಾನೆ. ಅದು ಹಿಡಿದವನಿಗೆ ಹಗಲು ಐವತ್ತು ತಾಸು ಇದ್ದ ಹಾಗೆ ತೋರುತ್ತದಂತೆ. ಅವನು ಹೇಳಿದ ಔಷಧ, ಗುಡಿಸಲು ಬಿಟ್ಟು ಹೋಗಬೇಡ ಎಂಬುದು. ನಿನಗೆ ಯಾರಾದರೂ ಈ ಔಷಧ ಕೊಡಲು ಬಂದರೆ ಬೇಡ ಅನ್ನು. ಅವನ ರೋಗಿಗೆ ಕೆಲಸ ಬೇಡವಾಗಿತ್ತು. ನಿನಗೆ ಕೆಲಸ ಬೇಕು, ಮೈ ಏಳುತ್ತಿಲ್ಲ. ಮದರ್ ತೆರೇಸಾರ ಕತ್ತಲೆಯ ಕತೆಯನ್ನೂ ಹೇಳುತ್ತಾರೆ, ದಶಕಗಳ ಕಾಲ ದೇವರ ಇರವೇ ಅನುಭವಕ್ಕೆ ಬರದೆ ದುಡಿದರು ಎಂದು. ನಿಜವೇ. ಆದರೆ ನಾಳೆಯೂ ನಿನ್ನಿಂದ ಕೆಲಸ ಆಗಬೇಕಾದವರು ಆ ಕತೆ ಹೇಳಿದರೆ ಸ್ವಲ್ಪ ಅನುಮಾನಪಡು.

ಮೊದಲು ರಕ್ತ ತೋರಿಸು. ಹಿಮೋಗ್ಲೋಬಿನ್, ಥೈರಾಯಿಡ್, ಬಿ12, ಸಕ್ಕರೆ. ನೀನಿರುವುದು ಜಾರ್ಖಂಡ್, ಜ್ವರ ಬಂದು ಹೋಗುತ್ತಿದ್ದರೆ ಮಲೇರಿಯಾದ್ದೂ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ಅದಿದ್ದಾಗ ಪ್ರಾರ್ಥನೆಯಲ್ಲಿ ತೂಕಡಿಸುವುದು ಪಾಪವೂ ಅಲ್ಲ, ಪರೀಕ್ಷೆಯೂ ಅಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾದ ಜೊತೆ ನುಂಗಬೇಡ, ಎರಡು ತಾಸು ಅಂತರ ಇರಲಿ. ಥೈರಾಯಿಡ್ ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ, ಕೆಲಸದಿಂದ ದೂರ ಇದ್ದಾಗಲೂ, ಯಾವುದರಲ್ಲೂ ರುಚಿ ಇಲ್ಲ, ನಿದ್ದೆ ಇಲ್ಲ, ನಾನು ಯಾವುದಕ್ಕೂ ಬಾರದವಳು ಅನ್ನಿಸುತ್ತಿದ್ದರೆ ಅದು ಬರೀ ದಣಿವಲ್ಲ, ಖಿನ್ನತೆ ಇರಬಹುದು. ಅದಕ್ಕೆ ಮನೋವೈದ್ಯರು ಬೇಕು. ಇಲ್ಲಿ ನೀನು ಹನ್ನೊಂದು ದಿನ ಇದ್ದೆ. ಹನ್ನೊಂದು ದಿನವೂ ಮೂರು ಗಂಟೆಗೆ ನಿನ್ನ ಕೋಣೆಯ ದೀಪ ಉರಿಯುತ್ತಿತ್ತು. ನಾನು ಎದ್ದು ನೋಡಿ ಮತ್ತೆ ಮಲಗುತ್ತಿದ್ದೆ. ಬೆಳಗಾಗದಿದ್ದರೂ ನಡೆಯುತ್ತಿತ್ತು ಎಂದವಳು ಬೆಳಗಿನ ಜಾವದಲ್ಲಿ ಎಚ್ಚರ ಇರುತ್ತಾಳೆ ಎಂದರೆ ಏನರ್ಥ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ದೇವರು ಇಂಥವರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಪ್ರವಾದಿ ಎಲೀಯನ ಕತೆ ಇದೆ, ಬೈಬಲಿನ ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ. ನೀನು ಎಷ್ಟೋ ಸಲ ಬೇರೆಯವರಿಗೆ ಪಾಠ ಮಾಡಿರುತ್ತೀ. ಈ ಸಲ ನರ್ಸಿನ ಕಣ್ಣಲ್ಲಿ ಓದು. ಪೊದೆಯ ನೆರಳಲ್ಲಿ ಕೂತು ಸಾವು ಕೇಳಿದವನಿಗೆ ದೂತನು ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿದ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತೋರಿಸಿದ. ತಿಂದ ಮೇಲೆ ಪುನಃ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಮತ್ತೆ ಊಟ. ನಿನ್ನ ದಾರಿ ಉದ್ದವಿದೆ ಎಂದಷ್ಟೇ ಹೇಳಿದ. ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆಯೇ ದೇವರ ಪ್ರಶ್ನೆ. ಗಾಳಿ, ಭೂಕಂಪ, ಬೆಂಕಿ ಎಲ್ಲ ಅಡಗಿ ಸಣ್ಣ ದನಿ ಬಂದ ಮೇಲೆ ಅದೇ ಪ್ರಶ್ನೆ ಮತ್ತೊಮ್ಮೆ. ಆಗಲೂ ಎಲೀಯ ಮೊದಲಿನ ದೂರನ್ನೇ ಅಕ್ಷರ ಬಿಡದೆ ಒಪ್ಪಿಸುತ್ತಾನೆ, ನಾನೊಬ್ಬನೇ ಉಳಿದೆ ಎಂದು. ದೇವರು ಬೈಯುವುದಿಲ್ಲ. ಇನ್ನೂ ಏಳು ಸಾವಿರ ಜನ ಇದ್ದಾರೆ ಎಂದು ತಿಳಿಸಿ, ಎಲೀಷನನ್ನು ಜೊತೆಗೆ ಕೊಡುತ್ತಾರೆ. ರಾತ್ರಿ ಎರಡಕ್ಕೆ ಹಾಸ್ಟೆಲಿನ ಲೆಕ್ಕ ಬರೆಯುತ್ತಾ ನೀನೂ ಒಬ್ಬಳೇ ಅಂದುಕೊಂಡಿದ್ದೆ ತಾನೇ.

ಇನ್ನು ರಜೆ ಕೇಳುವುದು. ಕಾನೂನು ನಿನಗೂ ಗೊತ್ತು, ಆದರೂ ಹೇಳುತ್ತೇನೆ. ಧರ್ಮಸಭೆಯ ಕಾನೂನಿನ 665ನೆಯ ವಿಧಿಯ ಪ್ರಕಾರ ಸರಿಯಾದ ಕಾರಣವಿದ್ದರೆ ಪ್ರೊವಿನ್ಶಿಯಲ್ ತನ್ನ ಕೌನ್ಸಿಲಿನ ಒಪ್ಪಿಗೆ ಪಡೆದು ಒಂದು ವರ್ಷದವರೆಗೆ ಮಠದ ಹೊರಗೆ ಇರಲು ಬಿಡಬಹುದು, ಆರೋಗ್ಯದ ಕಾರಣಕ್ಕಾದರೆ ಅದಕ್ಕೂ ಹೆಚ್ಚು. ಇದು ಮಠ ಬಿಟ್ಟಂತೆ ಅಲ್ಲ, ವ್ರತ ಹಾಗೇ ಇರುತ್ತದೆ. 686ನೆಯ ವಿಧಿಯ ಐದು ವರ್ಷದವರೆಗಿನ ಅನುಮತಿ ಬೇರೆ ವಿಷಯ, ಅದರ ಕಡೆ ಈಗ ಹೋಗಬೇಡ. ಅರ್ಜಿ ಒಂದೇ ಪುಟ ಇರಲಿ. ಯಾವ ತಿಂಗಳಿಂದ ನಿದ್ದೆ ಇಲ್ಲ, ತೂಕ ಎಷ್ಟು ಇಳಿದಿದೆ, ದಿನಕ್ಕೆ ಎಷ್ಟು ತಾಸು ಕೆಲಸ, ಡಾಕ್ಟರ ಚೀಟಿ, ಎಷ್ಟು ತಿಂಗಳು ಬೇಕು, ಎಲ್ಲಿ ಇರುತ್ತೀ, ಹಾಸ್ಟೆಲನ್ನೂ ದವಾಖಾನೆಯನ್ನೂ ಯಾರಿಗೆ ವಹಿಸುತ್ತೀ. "ಸ್ವಲ್ಪ ವಿಶ್ರಾಂತಿ ಸಿಕ್ಕರೆ ಒಳ್ಳೆಯದಿತ್ತು" ಎಂದು ಬರೆದರೆ ವಾರದ ರಜೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ತಿಂಗಳು, ತಾರೀಕು ಬರೆ. ಪ್ರಾರ್ಥನೆ ಒಣಗಿದೆ, ದೇವರು ಇದ್ದಾರೋ ಇಲ್ಲವೋ ಎಂಬುದನ್ನು ಮಾತ್ರ ಆ ಪುಟದಲ್ಲಿ ಬರೆಯಬೇಡ. ಅಂತರಂಗ ಬಿಚ್ಚಿಡು ಎಂದು ಒತ್ತಾಯಿಸುವ ಹಕ್ಕು ಮೇಲಿನವರಿಗಿಲ್ಲ, 630ನೆಯ ವಿಧಿ ಅದನ್ನು ತಡೆಯುತ್ತದೆ. ಅದನ್ನೆಲ್ಲ ಹೇಳಲು ಒಬ್ಬ ಆತ್ಮಿಕ ಮಾರ್ಗದರ್ಶಿ ಬೇಕು, ನಿನ್ನ ಮೇಲೆ ಅಧಿಕಾರ ಇಲ್ಲದವರು, ತಿಂಗಳಿಗೊಮ್ಮೆ ಒಂದು ತಾಸು ಕೂರುವವರು. ನೆಂಟರು ಆಗದು. ನಾನಂತೂ ಬೇಡವೇ ಬೇಡ.

ಮಠ ಬಿಡಬೇಕೋ ಇರಬೇಕೋ ಎಂಬ ತೀರ್ಮಾನ ಈಗ ಬೇಡ. ಮನಸ್ಸು ಬರಡಾದಾಗ ಹಿಂದಿನ ನಿರ್ಧಾರ ಬದಲಿಸಬೇಡ ಎಂಬುದು ಸಂತ ಇಗ್ನಾಸಿಯುಸರ ನಿಯಮ. ಅದರ ಮುಂದಿನ ನಿಯಮ ಪ್ರಾರ್ಥನೆಯನ್ನೂ ತಪಸ್ಸನ್ನೂ ಹೆಚ್ಚಿಸು ಎನ್ನುತ್ತದೆ. ನೀನು ಎಡವಿದ್ದು ಅಲ್ಲೇ ಇರಬೇಕು. ಸುಸ್ತಾದಷ್ಟೂ ಉಪವಾಸ, ಜಾಗರಣೆ ಹೆಚ್ಚಿಸಿದೆ. ಅದೇ ಇಗ್ನಾಸಿಯುಸರು 1548ರಲ್ಲಿ ಫ್ರಾನ್ಸಿಸ್ ಬೋರ್ಜಾರಿಗೆ ಬರೆದ ಕಾಗದದಲ್ಲಿ ಪ್ರಾರ್ಥನೆಯ ಹೊತ್ತನ್ನು ಅರ್ಧ ಮಾಡು, ಚೆನ್ನಾಗಿ ಊಟ ಮಾಡಿ ಮೈ ಬಲಪಡಿಸು ಎಂದಿದ್ದಾರೆ. ತಮ್ಮ ಯೌವನದಲ್ಲಿ ಉಪವಾಸದಿಂದ ಹೊಟ್ಟೆ ಹಾಳುಮಾಡಿಕೊಂಡವರು ಅವರು, ತಿಳಿದೇ ಬರೆದಿದ್ದಾರೆ.

ರಜೆ ಸಿಕ್ಕ ಮೊದಲ ಮೂರು ವಾರ ಎದ್ದಾಗ ಒಂದು ಶಿಲುಬೆಯ ಗುರುತು, ಮಲಗುವಾಗ ಒಂದು. ಭಾನುವಾರದ ಪೂಜೆ ಸಾಕು. ಹಿಂದಿನ ಬೆಂಚಿನಲ್ಲಿ ಕೂರು. ಹಾಡು ಎತ್ತಬೇಡ, ವಾಚನ ಓದಬೇಡ, ಯಾರ ಮಗುವಿಗೂ ಧರ್ಮೋಪದೇಶ ಬೇಡ. ವಾರದ ನಡುವೆ ಚರ್ಚು ಖಾಲಿ ಇದ್ದಾಗ ಹತ್ತು ನಿಮಿಷ ಸುಮ್ಮನೆ ಕೂತು ಬಾ. ಆಮೇಲೆ ಕೀರ್ತನೆಗಳು, ಸ್ತುತಿಯವಲ್ಲ, ದೂರಿನವು. 13ನೆಯದರಲ್ಲಿ ಎಷ್ಟು ಕಾಲ, ಎಷ್ಟು ಕಾಲ ಎಂದು ನಾಲ್ಕು ಸಲ ಕೇಳುತ್ತಾನೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಶುಕ್ರವಾರದ ರಾತ್ರಿ ಪ್ರಾರ್ಥನೆಗೆ ಧರ್ಮಸಭೆ ಇಟ್ಟಿರುವುದು ಅದನ್ನೇ. ನಿನ್ನ ಬಾಯಲ್ಲಿ ಮಾತು ಇಲ್ಲದಿದ್ದಾಗ ಅದು ನಿನ್ನ ಪರವಾಗಿ ಮಾತಾಡಲಿ.

ಓದುವಾಗ ಕೈಯಲ್ಲಿ ಪೆನ್ನು ಇರಬಾರದು. ಮಿಷನ್ನಿನವರಿಗೆ ಅಂಟುವ ಕೆಟ್ಟ ಚಾಳಿ ಅದು, ಯಾವ ವಾಕ್ಯ ಓದಿದರೂ ಇದನ್ನು ಯಾರಿಗೆ ಹೇಳಲಿ ಎಂದು ಯೋಚನೆ. ಬಡಿಸುವವಳು ಉಣ್ಣುವುದನ್ನೇ ಮರೆತ ಹಾಗೆ. ಹತ್ತು ವಚನ ಆರಿಸಿಕೊ, ಇಡೀ ವಾರ ಅದನ್ನೇ ಓದು. ರಾತ್ರಿ ಆತ್ಮಶೋಧನೆಗೆ ಕೂತರೆ ತಪ್ಪಿನ ಪಟ್ಟಿ ಮಾಡಬೇಡ. ಇಂದು ಎಲ್ಲಿ ಒಂದು ಕ್ಷಣ ಜೀವಕ್ಕೆ ಹಿತವಾಯಿತು ಎಂದು ಅಷ್ಟೇ ಕೇಳಿಕೊ, ಐದು ನಿಮಿಷ. ಉತ್ತರ "ಗಂಜಿ ಬಿಸಿ ಇತ್ತು" ಎಂದಾದರೂ ನಡೆಯುತ್ತದೆ. ಪಾಪನಿವೇದನೆಯಲ್ಲಿ ದಣಿವನ್ನು ಪಾಪ ಎಂದು ಹೇಳಬೇಡ.

ಕೆಡುವುದು ಎಲ್ಲಿ ಗೊತ್ತಾ? ಮೊದಲ ಸಲ ಪ್ರಾರ್ಥನೆ ರುಚಿಸಿದ ದಿನ. ಅಂದೇ ಗುಣವಾಯಿತು ಎಂದು ಚೀಲ ಕಟ್ಟುತ್ತೀ. ನಮ್ಮ ಬೈತಖೋಲ ಬಂದರಿನಲ್ಲಿ ಈಗ ಟ್ರಾಲರುಗಳೆಲ್ಲ ಕಟ್ಟಿ ನಿಂತಿವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆಗೆ ನಿಷೇಧ. ನಡುವೆ ನಾಲ್ಕು ದಿನ ಬಿಸಿಲು ಬಿದ್ದು ಸಮುದ್ರ ಸಪಾಟಾದರೂ ಬಿಡುವುದಿಲ್ಲ. ಲೆಕ್ಕ ಇರುವುದು ಬಿಸಿಲಿನದ್ದಲ್ಲ, ಒಳಗೆ ಮೊಟ್ಟೆ ಇಡುತ್ತಿರುವ ಮೀನಿನದ್ದು. ತಿರುಗಿ ಹೋದಾಗಲೂ ಮೊದಲ ತಿಂಗಳು ಅರ್ಧ ಹೊತ್ತಿನ ಕೆಲಸ, ವಾರಕ್ಕೆ ಒಂದು ಪೂರ್ತಿ ದಿನ ಫೋನ್ ಬಂದ್, ಲೆಕ್ಕದ ಪುಸ್ತಕ ಬೇರೆಯವರ ಕೈಗೆ. ಬೆಳಗಿನಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋ ಇದು ಒಳ್ಳೆಯದಲ್ಲ ಎಂದು ಮುಖಕ್ಕೆ ಹೇಳಿದ. ನಮ್ಮ ಕರಾವಳಿಯಲ್ಲೇ 1681ರಿಂದ ಮೂರು ವರ್ಷ ದುಡಿದ ಸಂತ ಜೋಸೆಫ್ ವಾಜರೂ 1687ರಲ್ಲಿ ಲಂಕೆಗೆ ಹೋದಾಗ ಮೊದಲು ಕಾಯಿಲೆಯಿಂದ ನೆಲ ಹಿಡಿದರು. ಬೇರೆಯವರು ಕೊಟ್ಟ ಗಂಜಿಯಿಂದ ಜೀವ ಉಳಿಯಿತು ಎನ್ನುತ್ತಾರೆ. ನೀನು ಅವರ ಧೈರ್ಯ ಓದಿ ಮಿಷನ್ನಿಗೆ ಹೋದವಳು. ಗಂಜಿಯನ್ನೂ ಓದಬೇಕಿತ್ತು.

ನೋಡು, ಕೊನೆಗೂ ಪಾಠವೇ ಆಯಿತು. ನೀನು ಆ ಕಾಡಿನ ಹಳ್ಳಿಗಳಲ್ಲಿ ಮಾಡಿದ್ದು ಏನೂ ಅಲ್ಲ ಎಂದು ನಾನು ಒಪ್ಪುವುದಿಲ್ಲ. ಪಪ್ಪ ನಿನ್ನ ಹುಡುಗಿಯರ ಫೋಟೋ ಇನ್ನೂ ಪರ್ಸಿನಲ್ಲಿ ಇಟ್ಟುಕೊಂಡು ಬ್ಯಾಂಕಿನಲ್ಲಿ ಎಲ್ಲರಿಗೂ ತೋರಿಸುತ್ತಾರೆ, ಬೇಡ ಅಂದರೂ.

ಪಾರ್ಸೆಲಿನಲ್ಲಿ ಮುರುಗಲು ಸಿಪ್ಪೆ ಅರ್ಧ ಕಿಲೋ, ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿ, ಒಣ ಸಿಗಡಿ ಇದೆ. ಸಿಗಡಿಯನ್ನು ಎರಡು ಕವರಿನಲ್ಲಿ ಸುತ್ತಿದ್ದೇನೆ, ಆದರೂ ವಾಸನೆ ಬಂದೀತು. ಜಪಸರ ಹಾಕಲಿಲ್ಲ. ಹಾಕಿದ್ದೆ, ಮತ್ತೆ ತೆಗೆದೆ. ಮರೆತು ಹೋಗಿದ್ದರೆ ಹೇಳು, ಕಳಿಸುತ್ತೇನೆ. ಬಿಟ್ಟು ಹೋಗಿದ್ದರೆ ಅದೇ ಮೊಳೆಯಲ್ಲಿರಲಿ, ಸೌಟನ್ನು ಬೇರೆ ಕಡೆ ತೂಗುಹಾಕಿದ್ದೇನೆ.

ಆದರೆ ಮೇಲೆ ಕೇಳಿದ್ದಕ್ಕೆ ಮೊದಲು ಉತ್ತರ ಬೇಕು. ಕಾಗದ ಬೇಡ, ರಾತ್ರಿ ಒಂಬತ್ತಕ್ಕೆ ಮಾಡುತ್ತೇನೆ, ಫೋನ್ ತೆಗೆ. ಇಲ್ಲ ಎಂದಾದರೆ ಇಲ್ಲ ಎನ್ನು, ಹೌದು ಎಂದಾದರೆ ಹೌದು ಎನ್ನು. ಸಾರು ಬಡಿಸುವುದಿಲ್ಲ.

ನಿನ್ನ
ಅಮ್ಮ