ಸಹಿ ಹಾಕಿದರೆ ಮಗು ನನ್ನದಾಗಿ ಉಳಿಯುತ್ತಾ ಅಂದೆಯಲ್ಲ

ಹಾಸನ, ಭಾನುವಾರ

ಪುಟ್ಟಿ,

ಮಗಳು ಚಿನ್ನುವನ್ನು ನಿನ್ನ ಅಕ್ಕನ ಹತ್ತಿರ ಬಿಟ್ಟು ವಿದೇಶಕ್ಕೆ ಹೊರಟಿದ್ದೀಯ. ವೀಸಾ, ಟಿಕೆಟ್ ವಿಷಯ ಬಿಡು, ಅದು ಮನೆಯವರಿಗೆಲ್ಲ ಗೊತ್ತು. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿದರೆ ಚಿನ್ನು ನನ್ನವಳಾಗಿ ಉಳಿಯುತ್ತಾಳಾ ದೊಡ್ಡಮ್ಮ" ಅಂತ. ರಾತ್ರಿಯೆಲ್ಲ ಅದೇ ಕಾಡಿತು.

ಉಳಿಯುತ್ತಾಳೆ ಕಣೇ. ಶಾಲೆ, ಆಸ್ಪತ್ರೆ ಅಂತ ನಿನ್ನ ಪರವಾಗಿ ಅಕ್ಕ ಓಡಾಡಬಹುದು, ಆ ಪತ್ರ ಅಷ್ಟಕ್ಕೇ. ಬೇಡ ಅನ್ನಿಸಿದ ದಿನ ರದ್ದು ಮಾಡಬಹುದು. ದತ್ತು ಬೇರೆ. ಕೋರ್ಟಿನಿಂದ ಗಾರ್ಡಿಯನ್ ಆಗುವುದೂ ಬೇರೆ, ಅದಕ್ಕೆ 1890ರ ಕಾಯ್ದೆ ಇದೆ. ಅಕ್ಕನಿಗೆ ಮಕ್ಕಳಿಲ್ಲ ಅನ್ನೋದೇ ನಿನ್ನ ಹೆದರಿಕೆ ಅಲ್ವಾ? ನೀನು ಬರೆಯದಿದ್ದರೂ ಗೊತ್ತಾಯಿತು.

ನಾನು ವಕೀಲರ ಆಫೀಸಿನಲ್ಲಿ ಇಂಥ ಪತ್ರಗಳನ್ನೇ ಟೈಪ್ ಮಾಡುತ್ತಾ ಇದ್ದವಳು. ಆದರೆ ಮೂರು ವರ್ಷದ ಮಗನನ್ನು ಮೂಡಿಗೆರೆಯಲ್ಲಿ ಅವ್ವನ ಹತ್ತಿರ ಬಿಟ್ಟಾಗ ಒಂದು ಚೀಟಿಯನ್ನೂ ಬರೆದುಕೊಟ್ಟಿರಲಿಲ್ಲ. ಶಾಲೆಗೆ ಸೇರಿಸಲು ಹೋದರೆ ಅಪ್ಪ ಅಮ್ಮನ ಸಹಿ ಬೇಕು ಅಂದರಂತೆ, ಅವ್ವ ಮಳೆಯಲ್ಲಿ ನೆನೆದುಕೊಂಡು ವಾಪಸ್ ಬಂದಳು. ತಿಂಗಳಿಗೆ ಎರಡು ಶನಿವಾರ ಬೇಲೂರು ದಾರಿಯ ಬಸ್ ಹಿಡಿದು ಹೋಗುತ್ತಿದ್ದೆ. ಒಂದು ಸಲ ಅವನು ಅವ್ವನ ಸೆರಗಿನ ಹಿಂದೆ ನಿಂತು, "ಇವರು ಇವತ್ತು ಇಲ್ಲೇ ಮಲಗ್ತಾರಾ?" ಅಂದ. ನನಗೆ ಬಹುವಚನ! ಯಾವ ಸ್ಟ್ಯಾಂಪ್ ಪೇಪರೂ ಇಲ್ಲದೆ ಅಷ್ಟು ದೂರ ಆಗಿದ್ದ. ಅವತ್ತೇ ಕರೆದುಕೊಂಡು ಬರಬೇಕಿತ್ತು, ಇನ್ನೊಂದು ವರ್ಷ ಅಂತ ತಳ್ಳಿದೆ.

ನಿನ್ನನ್ನು ಹೆದರಿಸೋಕೆ ಹೇಳಿದ್ದಲ್ಲ, ಸುಮ್ನೆ ಬಂತು.

ಪತ್ರದಲ್ಲಿ ಅಕ್ಕ ಏನೇನು ಮಾಡಬಹುದು ಅಂತ ಒಂದೊಂದಾಗಿ ಬರೆಸು, ಒಂದು ವರ್ಷ ಅಂತ ಅವಧಿ ಹಾಕು. ಗಂಡನೂ ಸಹಿ ಮಾಡಲಿ. ಹಿಂದೂ ಮಕ್ಕಳ ಗಾರ್ಡಿಯನ್ ಯಾರು ಅನ್ನೋ 1956ರ ಕಾಯ್ದೆಯಲ್ಲಿ ಅಪ್ಪ ಮೊದಲು, ಅವನ ನಂತರ ಅಮ್ಮ ಅಂತಿದೆ. ಆ 'ನಂತರ' ಅಂದರೆ ಅವನು ಸತ್ತ ಮೇಲೆ ಅಂತಲೇ ಅಲ್ಲ, ಮಗುವನ್ನು ನೋಡಿಕೊಳ್ಳಲು ಅವನು ಇಲ್ಲದಾಗಲೂ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚಿನ್ನು ಹೆಸರಿನ ಸೈಟು ಮಾರಲು ನಿನಗೇ ಕೋರ್ಟಿನ ಅನುಮತಿ ಬೇಕು, ನಿನಗಿಲ್ಲದ್ದನ್ನು ಅಕ್ಕನಿಗೆ ಎಲ್ಲಿಂದ ಕೊಡುತ್ತೀಯ? ವಿದೇಶಕ್ಕೆ ಹೋದ ಮೇಲೆ ಸಹಿ ಮಾಡುವುದಾದರೆ ನಮ್ಮ ರಾಯಭಾರ ಕಚೇರಿಯಲ್ಲಿ ಮಾಡು, ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. ಜಾಸ್ತಿ ಹೇಳಿದೆನೇನೋ.

ಫೋನ್ ಮಾತ್ರ ದಿನಾ ಅವಳು ಊಟಕ್ಕೆ ಕೂತಾಗ ಮಾಡು. ನೀನು ಇನ್ನೂ ಅದೇ ಕೇಳುತ್ತೀಯ ಅಂತ ಗೊತ್ತು, ಅದಕ್ಕೇ ಮತ್ತೆ ಹೇಳುತ್ತೇನೆ, ಅವಳು ನಿನ್ನವಳೇ. ಕರಡು ಆದ ಕೂಡಲೇ ವಾಟ್ಸಾಪ್ ಮಾಡು, ಹೊಸ ಕನ್ನಡಕ ಬಂದಿದೆ.

ನಿನ್ನ ದೊಡ್ಡಮ್ಮ