ದರಗಿನ (ಉದುರಿದ ಒಣ ಎಲೆಗಳ) ಮೇಲೆ ಟೆಂಟ್ ಹಾಕುವ ಶಿಬಿರದ ಬಗ್ಗೆ ದೂರು

ಇವರಿಂದ:
ಏಪ್ರಿಲ್ ಕೊನೆಯ ವಾರಾಂತ್ಯದ ಶಿಬಿರಾರ್ಥಿಗಳು, ಶಿವಮೊಗ್ಗ

ಇವರಿಗೆ:
ವ್ಯವಸ್ಥಾಪಕರು, ಬುಕಿಂಗ್ ಮತ್ತು ಶಿಬಿರ ನಿರ್ವಹಣೆ ವಿಭಾಗ

ವಿಷಯ: ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ನೀವು ನಡೆಸುತ್ತಿರುವ ಟೆಂಟ್ ಶಿಬಿರದ ಜಾಗ, ಸಲಕರಣೆ ಹಾಗೂ ಸುರಕ್ಷತೆಯ ಲೋಪಗಳು; ಹಣ ವಾಪಸಾತಿ ಮತ್ತು ತುರ್ತು ಕ್ರಮ ಕೋರಿ.

ಮಾನ್ಯರೇ,

ನಿಮ್ಮ ಶಿಬಿರ ವಾರಾಂತ್ಯಗಳಲ್ಲಿ ಭರ್ತಿಯಾಗುತ್ತದೆ. ಬೆಂಗಳೂರು, ಮಂಗಳೂರು, ಶಿವಮೊಗ್ಗದಿಂದ ಮಕ್ಕಳನ್ನು ಕಟ್ಟಿಕೊಂಡು ಜನ ಬರುತ್ತಾರೆ. ಬರುವವರಲ್ಲಿ ಹೆಚ್ಚಿನವರಿಗೆ ಕಾಡು ಹೊಸತು. ಯಾವ ನೆಲದಲ್ಲಿ ಮಲಗಬೇಕು, ಯಾವುದರಲ್ಲಿ ಮಲಗಬಾರದು ಎಂಬುದನ್ನು ಅವರು ನಿಮ್ಮ ಮೇಲೆ ಬಿಟ್ಟಿರುತ್ತಾರೆ. ನಮ್ಮ ದೂರಿನ ತಿರುಳು ಇಷ್ಟೇ: ಆ ನೆಲವನ್ನು ನೀವು ನೋಡಿಲ್ಲ. ಫೋಟೋಕ್ಕೆ ಚೆಂದ ಕಾಣುವ ಕಡೆ ಟೆಂಟ್ ಹೊಡೆಸಿದ್ದೀರಿ.

ಮೊದಲು ತುರ್ತಿನ ವಿಷಯ. ಟೆಂಟಿನಡಿ ಮೆತ್ತಗಿರಲೆಂದು ನಿಮ್ಮ ಕೆಲಸದವರು ಮೇಲಿನ ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡಿನಿಂದ) ದರಗು ಗುಡಿಸಿ ತಂದು, ಗೇಣುದ್ದ ಹಾಸಿ, ಅದರ ಮೇಲೆ ಟಾರ್ಪಾಲು ಎಳೆದಿದ್ದರು. ಡಿಸೆಂಬರಿನಿಂದ ಮೇ ತಿಂಗಳ ತನಕ ಮಲೆನಾಡಿನಲ್ಲಿ ಇದಕ್ಕಿಂತ ಅಪಾಯದ ಹಾಸಿಗೆ ಇನ್ನೊಂದಿಲ್ಲ. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹೆಚ್ಚಾಗಿ ಅಂಟಿಸುವುದು ಉಣುಗಿನ (ಉಣ್ಣೆಹುಳದ) ಮರಿಗಳು. ಅವು ಎಳ್ಳುಕಾಳಿಗಿಂತ ದೊಡ್ಡವಲ್ಲ, ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಈ ತಿಂಗಳುಗಳಲ್ಲಿ ಅವು ಕಾಡಿನ ಒಣ ಎಲೆಯ ನಡುವೆ, ಮಂಗ ಮತ್ತು ದನ ಓಡಾಡುವ ಜಾಗದಲ್ಲಿ ತುಂಬಿರುತ್ತವೆ. ಸೋಂಕು ತಗುಲಿದ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳೆಲ್ಲ ಅದೇ ದರಗಿಗೆ ಇಳಿಯುತ್ತವೆ. ಕಾಡಂಚಿನ ಊರುಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ದರಗು ತರಬೇಡಿ ಎಂದು ಹೇಳುವ ಕಾಲದಲ್ಲಿ ನೀವು ಅದನ್ನು ತಂದು ಅತಿಥಿಗಳ ತಲೆದಿಂಬಿನ ಕೆಳಗೆ ಹಾಸಿದ್ದೀರಿ.

ಈ ಕಾಯಿಲೆ ಎಲ್ಲಿಂದಲೋ ಬಂದದ್ದಲ್ಲ. 1957ರಲ್ಲಿ ಇದು ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹೆಸರು ಬಂದದ್ದೂ ಅಲ್ಲಿಂದಲೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಆದ ಸಾವುಗಳನ್ನು ಈ ಸೀಮೆಯವರು ಮರೆತಿಲ್ಲ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಚಳಿ, ಜೋರು ಜ್ವರ, ತಲೆನೋವು, ಸೊಂಟ ಕೈಕಾಲುಗಳಲ್ಲಿ ತಡೆಯಲಾರದ ನೋವು ಶುರುವಾಗುತ್ತದೆ; ಕೆಲವರಿಗೆ ಮೂಗು, ಒಸಡಿನಿಂದ ರಕ್ತ ಬರುತ್ತದೆ. ಇದಕ್ಕೆಂದೇ ಔಷಧಿ ಇಲ್ಲ. ನಿಮ್ಮ ಅತಿಥಿಗಳಿಗೆ ಜ್ವರ ಬರುವ ಹೊತ್ತಿಗೆ ಅವರು ಬೆಂಗಳೂರಿನ ಮನೆಯಲ್ಲಿರುತ್ತಾರೆ. ಕಾಡಿಗೆ ಹೋಗಿದ್ದೆವು ಎಂದು ಅವರಾಗಿ ಹೇಳದಿದ್ದರೆ ಅಲ್ಲಿನ ವೈದ್ಯರಿಗೆ ಡೆಂಗಿ ಎನಿಸುತ್ತದೆಯೇ ಹೊರತು ಮಂಗನ ಕಾಯಿಲೆ ನೆನಪಿಗೆ ಬರುವುದು ಕಷ್ಟ. ಆದ್ದರಿಂದ ಬುಕಿಂಗ್ ಮಾಡುವಾಗಲೇ ಇದನ್ನು ತಿಳಿಸುವುದು ನಿಮ್ಮ ಕೆಲಸ. ನಮಗೆ ಬಂದ ಸಂದೇಶದಲ್ಲಿ ಇದ್ದದ್ದು ಟಾರ್ಚು, ಟೋಪಿ ಮತ್ತು ಪವರ್ ಬ್ಯಾಂಕ್ ತನ್ನಿ ಎಂಬುದು ಮಾತ್ರ.

ಕೇಳಿದಾಗ ಶಿಬಿರದ ಮೇಲ್ವಿಚಾರಕರು, "ಕಚ್ಚಿದರೆ ಉಪ್ಪು ಹಾಕಿ, ಬಿಡುತ್ತದೆ" ಎಂದರು. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಇವೆಲ್ಲ ಇಂಬಳಕ್ಕೆ (ಜಿಗಣೆಗೆ). ಇಂಬಳ ಮಳೆಗಾಲದ್ದು, ರಕ್ತ ಕುಡಿದು ತಾನೇ ಉದುರುತ್ತದೆ. ಉಣುಗು ಬಾಯಿಯನ್ನು ಚರ್ಮದೊಳಗೆ ನೆಟ್ಟುಕೊಂಡಿರುತ್ತದೆ. ಅದನ್ನು ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಬೇಕು, ಬೆರಳಿನಿಂದ ಹೊಸಕಬಾರದು, ತೆಗೆದ ಮೇಲೆ ಜಾಗವನ್ನು ಸೋಪು ಹಾಕಿ ತೊಳೆಯಬೇಕು. ಉಣುಗು ಕಚ್ಚಿದವರಿಗೆ ಉಪ್ಪು ಕೊಟ್ಟು ಕಳಿಸುವ ಶಿಬಿರದಲ್ಲಿ ಒಂದು ಚಿಮುಟವೂ ಇರಲಿಲ್ಲ.

ಆಗಬೇಕಾದದ್ದು ಕಷ್ಟದ ಕೆಲಸವೂ ಅಲ್ಲ. ಟೆಂಟ್ ಹಾಕುವ ಜಾಗವನ್ನೂ ಅದರ ಸುತ್ತ ಕನಿಷ್ಠ ಹತ್ತು ಅಡಿಯನ್ನೂ ಮಣ್ಣು ಕಾಣುವ ತನಕ ಗುಡಿಸಿ. ಮೆತ್ತಗೆ ಬೇಕಿದ್ದರೆ ಫೋಮ್ ಚಾಪೆ ಕೊಡಿ. ದನಗಳನ್ನು ಆ ಅಂಕಣಕ್ಕೆ ಬಿಡಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕಾಡಂಚಿನವರಿಗೆ ಕೊಡುವ ಡೆಪಾ ತೈಲದ ಬಗ್ಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಕಡ್ಡಾಯ ಎಂದು ಬರೆಯಿರಿ. ಕಾಡಿನಿಂದ ಬಂದವರಿಗೆ ಬಿಸಿನೀರು, ಸೋಪು ಸಿಗಲಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ನೋಡಿಕೊಳ್ಳಲು ಹೇಳಿ. ಸುತ್ತಮುತ್ತ ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೂ ಪಂಚಾಯ್ತಿಗೂ ತಿಳಿಸಿ, ಶಿಬಿರ ನಿಲ್ಲಿಸಿ.

ಎರಡನೆಯದು ಜಾಗ. ಹಳ್ಳದ ದಂಡೆಯ ಕೆಳಗಿನ ಮಟ್ಟದಲ್ಲಿ, ನೀರಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಟೆಂಟುಗಳ ಸಾಲಿದೆ. ಆ ನೆಲ ಮರಳು. ಅಂದರೆ ಹಳ್ಳವೇ ತಂದು ಹಾಕಿದ್ದು. ದಂಡೆಯ ಲಕ್ಕಿ ಗಿಡಗಳಲ್ಲಿ ಸೊಂಟದ ಎತ್ತರಕ್ಕೆ ಒಣ ಕಡ್ಡಿ, ಹುಲ್ಲು, ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ. ನೀರು ಎಲ್ಲಿಯ ತನಕ ಏರುತ್ತದೆ ಎಂಬುದಕ್ಕೆ ಬೇರೆ ಗುರುತು ಬೇಕಿಲ್ಲ. ಏಪ್ರಿಲ್ ಕೊನೆಯ ಅಶ್ವಿನಿ, ಭರಣಿ ಮಳೆಗಳು ಸಂಜೆ ಗುಡುಗು ಗಾಳಿಯೊಂದಿಗೆ ಬರುವಂಥವು. ಮೇಲಿನ ಹುಲ್ಲುಗುಡ್ಡಗಳಲ್ಲಿ ಒಂದು ತಾಸು ಸುರಿದರೆ ಸಾಕು, ಶಿಬಿರದಲ್ಲಿ ಹನಿ ಬೀಳದಿದ್ದರೂ ಹಳ್ಳ ಕೆಂಪಾಗಿ ಏರುತ್ತದೆ. ಕತ್ತಲಲ್ಲಿ ಮಕ್ಕಳನ್ನು ಎತ್ತಿಕೊಂಡು ಮೇಲೆ ಹೋಗಲು ಇರುವುದು ಧರೆಯಲ್ಲಿ (ಕಡಿದಾದ ಮಣ್ಣಿನ ದಂಡೆಯಲ್ಲಿ) ಕೊಚ್ಚಿದ ಜಾರುವ ಮೆಟ್ಟಿಲು, ಅಲ್ಲಿ ದೀಪವಿಲ್ಲ.

ಇನ್ನೊಂದು ಸಾಲು ಅಡಿಕೆ ತೋಟದೊಳಗಿದೆ. ಗಾಳಿಗೆ ಹಾಳೆ ಸಮೇತ ಸೋಗೆ (ಅಡಿಕೆ ಮರದ ಗರಿ) ಮೂವತ್ತು ನಲವತ್ತು ಅಡಿ ಮೇಲಿನಿಂದ ಬೀಳುತ್ತದೆ. ಟೆಂಟಿನ ಬಟ್ಟೆ ಅದನ್ನು ತಡೆಯುವುದಿಲ್ಲ. ಜೊತೆಗೆ ಬಸಿಗಾಲುವೆಗಳ ನಡುವಿನ ಮಣ್ಣು ಸದಾ ತೇವ, ಸಡಿಲ, ಗೂಟ ನಿಲ್ಲುವುದಿಲ್ಲ. ನಿಮ್ಮದೇ ಜಮೀನಿನಲ್ಲಿ, ಮನೆಯ ಹಿಂದಿನ ಬ್ಯಾಣದಲ್ಲಿ (ಹುಲ್ಲುಬಯಲಿನಲ್ಲಿ) ಸ್ವಲ್ಪ ಇಳಿಜಾರಿನ, ನೀರು ನಿಲ್ಲದ, ಮೇಲೆ ಒಣಕೊಂಬೆ ಇಲ್ಲದ ಜಾಗವಿದೆ. ಅಲ್ಲಿಂದ ಹಳ್ಳ ಕಾಣುವುದಿಲ್ಲ ಎಂಬುದೊಂದೇ ಅದರ ಕೊರತೆ ಇರಬೇಕು.

ಗುಡುಗು ಸಿಡಿಲಿನ ಹೊತ್ತಿನಲ್ಲಿ ಟೆಂಟ್ ಆಸರೆಯಲ್ಲ. ಒಂಟಿ ಮರದ ಬುಡವಂತೂ ಅಲ್ಲವೇ ಅಲ್ಲ. ಗಟ್ಟಿ ಕಟ್ಟಡ ಅಥವಾ ಮುಚ್ಚಿದ ವಾಹನದೊಳಗೆ ಹೋಗಿ, ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಬೇಕು. ನಿಮ್ಮ ಕಚೇರಿ ಕಟ್ಟಡಕ್ಕೆ ರಾತ್ರಿ ಬೀಗ ಹಾಕಿತ್ತು, ಬೀಗದ ಕೈ ಇದ್ದವರು ಕಳಸಕ್ಕೆ ಹೋಗಿದ್ದರು. ಇದು ಮತ್ತೆ ಆಗಕೂಡದು.

ಟೆಂಟುಗಳ ವಿಷಯಕ್ಕೆ ಬಂದರೆ, ನಾಲ್ಕು ಜನರದ್ದೆಂದು ಕೊಟ್ಟದ್ದು ಏಳು ಅಡಿಗೆ ಏಳು ಅಡಿಯದ್ದು. ತಲೆಗೆ 21 ಇಂಚು. ಚೀಲ ಇಡಲು ಜಾಗವಿಲ್ಲದೆ ಎಲ್ಲರೂ ಗೋಡೆಗೆ ಒತ್ತಿಕೊಂಡು ಮಲಗಬೇಕು. ಗೋಡೆಗೆ ಮೈ ತಾಗಿದ ಕಡೆ ಟೆಂಟಿನ ಒಳಪದರ ಹೊರಪದರಕ್ಕೆ ಅಂಟಿ, ಅಲ್ಲಿಂದ ನೀರು ಜಿನುಗುತ್ತದೆ. ಅದು ಇಬ್ಬರ, ಹೆಚ್ಚೆಂದರೆ ಇಬ್ಬರು ದೊಡ್ಡವರು ಒಂದು ಮಗುವಿನ ಟೆಂಟ್. ಮೇಲ್ಹೊದಿಕೆಯ ಒಳಬದಿಯಲ್ಲಿ ಲೇಪನ ಬಿಳಿ ಹೊಪ್ಪಳೆಯಾಗಿ ಉದುರುತ್ತಿತ್ತು, ಮುಟ್ಟಿದರೆ ಅಂಟಂಟು, ಹುಳಿ ವಾಸನೆ. ಮಳೆಗಾಲದಲ್ಲಿ ಒದ್ದೆ ಟೆಂಟನ್ನು ಹಾಗೇ ಸುತ್ತಿ ಕೊಟ್ಟಿಗೆಯಲ್ಲಿ ಇಟ್ಟಾಗ ಪಾಲಿಯುರೆಥೇನ್ ಲೇಪನ ತೇವಕ್ಕೆ ಕೊಳೆತು ಹೀಗಾಗುತ್ತದೆ. ಅಂಥ ಬಟ್ಟೆಗೆ ಮೇಲಿನಿಂದ ಏನು ಬಳಿದರೂ ಹಿಡಿಯುವುದಿಲ್ಲ, ಎಸೆಯಬೇಕು. ಹೊಸತು ಕೊಳ್ಳುವಾಗ ನೀರು ತಡೆಯುವ ಅಳತೆ (ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡಕ್ಕೆ ಜಿನುಗದೆ ನಿಲ್ಲುತ್ತದೆ ಎಂಬುದು) ಮಲೆನಾಡಿಗೆ 3000 ಮಿಲಿಮೀಟರಿಗೆ ಕಡಿಮೆ ಇರದಂತೆ, ಹೊಲಿಗೆಗೆ ಟೇಪ್ ಇರುವಂತೆ, ಹೊದಿಕೆ ನೆಲದ ತನಕ ಇಳಿಯುವಂತೆ ನೋಡಿ. ಈಗಿರುವವು ತಲೆಯ ಮೇಲೆ ಮಾತ್ರ ಹೊದಿಕೆ ಇರುವಂಥವು, ಬಯಲುಸೀಮೆಯ ಚಳಿಗಾಲಕ್ಕೆ ಸಾಕು, ಇಲ್ಲಿಗಲ್ಲ.

ಹೂಡಿದ ಕ್ರಮವೂ ತಪ್ಪು. ಕೆಳಗಿನ ಟಾರ್ಪಾಲು ಟೆಂಟಿನಿಂದ ಸುತ್ತಲೂ ಒಂದು ಅಡಿ ಹೊರಗೆ ಚಾಚಿತ್ತು. ಹೊದಿಕೆಯಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು ನೇರ ಟೆಂಟಿನ ತಳಕ್ಕೆ ಹರಿಯಿತು. ಟಾರ್ಪಾಲಿನ ಅಂಚು ಟೆಂಟಿನ ತಳಕ್ಕಿಂತ ಎರಡು ಇಂಚು ಒಳಗಿರುವಂತೆ ಮಡಚಬೇಕು. ಗೂಟಗಳು ಬೆರಳುದ್ದದ ತಂತಿ. ಸಡಿಲ ಮಣ್ಣಿಗೆ ಹತ್ತು ಹನ್ನೆರಡು ಇಂಚಿನ ಕಬ್ಬಿಣದ ಗೂಟ ಬೇಕು, ಅದರ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ಹೊದಿಕೆಯ ಹಗ್ಗಗಳನ್ನು ಬಿಚ್ಚಿಯೇ ಇರಲಿಲ್ಲ, ಚೀಲದೊಳಗೆ ಗಂಟಾಗಿದ್ದವು. ಹಗ್ಗ ಕಟ್ಟದಿದ್ದರೆ ಗಾಳಿಯ ಮೊದಲ ಹೊಡೆತಕ್ಕೆ ಕಂಬಿ ಬಾಗುತ್ತದೆ. ಕೆಲವು ಟೆಂಟುಗಳಲ್ಲಿ ಆದದ್ದೂ ಅದೇ.

ಬೆಂಕಿಯ ಬಗ್ಗೆ ನಮಗೆ ನಿಜಕ್ಕೂ ಸಿಟ್ಟಿದೆ. ಕ್ಯಾಂಪ್‌ಫೈರ್ ಎಂದು ನೀವು ಹೊತ್ತಿಸಿದ್ದು ಗುಡ್ಡದ ಬುಡದಲ್ಲಿ, ಒಣಗಿದ ಕರಡದಿಂದ (ಗುಡ್ಡದ ಹುಲ್ಲಿನಿಂದ) ಐದಾರು ಅಡಿ ದೂರದಲ್ಲಿ. ಮೇಲೆ ಇರುವುದು ಶೋಲಾ ಕಾಡು (ಗುಡ್ಡಗಳ ಮಡಿಲಿನ ದಟ್ಟ ಕಾಡು) ಮತ್ತು ಹುಲ್ಲುಗಾವಲು. ಹುಲ್ಲಿಗೆ ಹತ್ತಿದ ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ಓಡುತ್ತದೆ, ಯಾಕೆಂದರೆ ಜ್ವಾಲೆ ಮುಂದಿನ ಹುಲ್ಲನ್ನು ಮೊದಲೇ ಒಣಗಿಸಿ ಕಾಯಿಸಿರುತ್ತದೆ; ಮನುಷ್ಯ ಅದರ ಹಿಂದೆ ಓಡಿ ಗೆಲ್ಲಲಾರ. ಒಳಗಿನ ಶೋಲಾ ಒಮ್ಮೆ ಸುಟ್ಟರೆ ಮತ್ತೆ ಬರಲು ತಲೆಮಾರುಗಳು ಬೇಕು. ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿ ಬಿಟ್ಟು ಹೋಗುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಅಭಯಾರಣ್ಯಗಳಲ್ಲಿ ನಿಷೇಧಿಸುತ್ತದೆ, 35ನೇ ಕಲಮಿನ ಮೂಲಕ ಅದು ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯ. ನಿಮ್ಮ ಜಮೀನು ಗಡಿಯ ಹೊರಗಿರಬಹುದು, ಕಿಡಿಗೆ ಗಡಿ ತಿಳಿಯದು. ಬೇಸಿಗೆಯಲ್ಲಿ ಬೆಂಕಿಯನ್ನೇ ಬಿಡಿ. ಮಳೆ ಹಿಡಿದ ಮೇಲೆ ಹೊತ್ತಿಸುವುದಾದರೆ ಗುಂಡಿ ತೋಡಿ, ಸುತ್ತ ಹತ್ತು ಅಡಿ ಮಣ್ಣು ತೆರೆದು, ತುಂಬಿದ ಎರಡು ಕೊಡ ಪಕ್ಕದಲ್ಲಿಟ್ಟುಕೊಳ್ಳಿ. ಮಲಗುವ ಮುಂಚೆ ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ಸುರಿದು, ಬೂದಿಯ ಹತ್ತಿರ ಅಂಗೈ ಹಿಂಭಾಗ ಹಿಡಿದರೆ ಬಿಸಿ ತಾಗಬಾರದು. ಆ ರಾತ್ರಿ ಕೆಂಡವನ್ನು ಹಾಗೇ ಬಿಟ್ಟು ಎಲ್ಲರೂ ಮಲಗಿದ್ದರು. ಇದರ ಜೊತೆಗೆ, ಒದ್ದೆಯಾಗಿ ಚಳಿ ಎಂದವರ ಟೆಂಟಿನೊಳಗೆ ಬಾಣಲೆಯಲ್ಲಿ ಕೆಂಡ ಇಡಲು ಹೊರಟಿದ್ದನ್ನು ತಡೆಯಬೇಕಾಯಿತು. ಮುಚ್ಚಿದ ಟೆಂಟಿನಲ್ಲಿ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಶೌಚಾಲಯ ಎರಡು, ಜನ ಎಂಬತ್ತಕ್ಕೂ ಹೆಚ್ಚು. ಇಪ್ಪತ್ತು ಜನಕ್ಕೆ ಒಂದಾದರೂ ಇರಬೇಕು. ಅದಕ್ಕಿಂತ ದೊಡ್ಡ ತಪ್ಪು, ಗುಂಡಿ ಇರುವುದು ಹಳ್ಳದ ಮೇಲ್ಭಾಗದ ಇಳಿಜಾರಿನಲ್ಲಿ, ಅಡುಗೆಗೆ ನೀರೆತ್ತುವ ಪೈಪು ಅದರ ಕೆಳಗೆ. ಗುಂಡಿ ಹಳ್ಳದಿಂದ ಇನ್ನೂರು ಅಡಿಯಾದರೂ ದೂರವಿರಲಿ, ನೀರೆತ್ತುವ ಜಾಗ ಅದಕ್ಕಿಂತ ಮೇಲಿರಲಿ, ಕುಡಿಯುವ ನೀರು ಕುದಿಯಲಿ. ಪಾತ್ರೆ ತೊಳೆದ ಸೋಪುನೀರನ್ನು ಹಳ್ಳಕ್ಕೆ ಬಿಡುವುದು ನಿಲ್ಲಲಿ. ಈ ಹಳ್ಳ ಭದ್ರೆಗೆ ಸೇರುತ್ತದೆ, ಭದ್ರೆ ಲಕ್ಕವಳ್ಳಿ ಅಣೆಕಟ್ಟು ದಾಟಿ ಭದ್ರಾವತಿಗೆ ಬರುತ್ತದೆ, ಕೂಡ್ಲಿಯಲ್ಲಿ ತುಂಗೆಯನ್ನು ಕೂಡುತ್ತದೆ. ನಮ್ಮ ಜಿಲ್ಲೆ ಕುಡಿಯುವ ನೀರದು.

ಥರ್ಮೊಕೋಲ್ ತಟ್ಟೆ, ಪ್ಲಾಸ್ಟಿಕ್ ಚಮಚಗಳು 2022ರ ಜುಲೈನಿಂದ ದೇಶದಲ್ಲೇ ನಿಷೇಧ. ಅಡಿಕೆ ಹಾಳೆಯ ತಟ್ಟೆ ತೋಟದೊಳಗೇ ಸಿಗುವಾಗ ಅವನ್ನು ತರುವ ಅಗತ್ಯವೇ ಇಲ್ಲ. ರಾತ್ರಿ ಹತ್ತರ ಮೇಲೂ ಬಯಲಲ್ಲಿ ಸ್ಪೀಕರ್ ಹಾಕಿದ್ದೂ ನಿಯಮಕ್ಕೆ ವಿರುದ್ಧ. ಅಡುಗೆಗೆ ಬಳಸಿದ್ದು ಮನೆಬಳಕೆಯ ಕೆಂಪು ಸಿಲಿಂಡರು; ವ್ಯಾಪಾರಕ್ಕೆ ವಾಣಿಜ್ಯ ಬಳಕೆಯದ್ದೇ ಆಗಬೇಕು.

ಇನ್ನು ಹಣ. "ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ವಾಸ, ಅರಣ್ಯ ಇಲಾಖೆ ಅನುಮತಿ ಸಹಿತ ಕುದುರೆಮುಖ ಶಿಖರ ಚಾರಣ" ಎಂದು ಜಾಹೀರಾತು ಕೊಟ್ಟಿದ್ದೀರಿ. ಶಿಬಿರ ಇರುವುದು ಖಾಸಗಿ ಜಮೀನಿನಲ್ಲಿ. ಶಿಖರದ ಚಾರಣಕ್ಕೆ ಇಲಾಖೆಯಿಂದ ಮೊದಲೇ ಅನುಮತಿ ಪಡೆಯಬೇಕು. ಕಾಳ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಚಾರಣದ ದಾರಿ ಮುಚ್ಚುವುದೂ ಉಂಟು. ಅನುಮತಿ ಇಲ್ಲ ಎಂದು ಗೊತ್ತಿದ್ದೂ ಚಾರಣದ ಶುಲ್ಕ ಪಡೆದು, ಬೆಳಿಗ್ಗೆ ಜೀಪಿನಲ್ಲಿ ಒಂದು ಗುಡ್ಡಕ್ಕೆ ಕರೆದೊಯ್ದು ತೋರಿಸಿ ಬಂದಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸುಳ್ಳು ಜಾಹೀರಾತು ಅನುಚಿತ ವ್ಯಾಪಾರ ಪದ್ಧತಿ, ಶುಲ್ಕ ಪಡೆದು ಚಾರಣ ಮಾಡಿಸದಿರುವುದು ಸೇವಾ ನ್ಯೂನತೆ.

ಚಾರಣದ ಶುಲ್ಕ ಪೂರ್ತಿ, ವಸತಿ ಶುಲ್ಕದ ಅರ್ಧ, ಪತ್ರ ತಲುಪಿದ 15 ದಿನದೊಳಗೆ ಪಾವತಿಸಿದ ಖಾತೆಗಳಿಗೇ ಹಿಂತಿರುಗಿಸಿ. ಹಳ್ಳದ ದಂಡೆ ಮತ್ತು ತೋಟದೊಳಗಿನ ಟೆಂಟುಗಳನ್ನು ತೆಗೆದಿದ್ದೀರಿ ಎಂಬುದನ್ನು ಫೋಟೋ ಸಮೇತ ಬರವಣಿಗೆಯಲ್ಲಿ ತಿಳಿಸಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (ಫೋನ್ 1915) ದೂರು ದಾಖಲಿಸಿ, ಶಿವಮೊಗ್ಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ; ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಲು ಕಾಯ್ದೆಯಲ್ಲಿ ಅವಕಾಶವಿದೆ. ಜಾಹೀರಾತಿನ ಪ್ರತಿ, ಪಾವತಿ ರಸೀದಿಗಳು, ಟೆಂಟು, ಬೆಂಕಿ ಮತ್ತು ಹಳ್ಳದ ದಂಡೆಯ ಫೋಟೋಗಳನ್ನು ಲಗತ್ತಿಸಿದ್ದೇವೆ.

ದರಗಿನ ವಿಷಯಕ್ಕೆ ಮಾತ್ರ 15 ದಿನ ಕಾಯಬೇಡಿ. ಈ ಪತ್ರ ಓದಿದ ದಿನವೇ ಅದನ್ನು ಟೆಂಟುಗಳ ಕೆಳಗಿನಿಂದ ತೆಗೆಸಿ. ತೆಗೆಯುವ ಕೆಲಸದವರಿಗೆ ಕೈಗವಸು, ಬೂಟು, ತೈಲ ಕೊಡಿ. ಏಪ್ರಿಲ್‌ನಲ್ಲಿ ಅದರ ಮೇಲೆ ಮಲಗಿ ಹೋದವರ ಫೋನ್ ನಂಬರುಗಳು ನಿಮ್ಮ ಬುಕಿಂಗ್ ಪುಸ್ತಕದಲ್ಲಿವೆ. ಎಲ್ಲರಿಗೂ ಕರೆ ಮಾಡಿ, ಜ್ವರ ಬಂದರೆ ಮಲೆನಾಡಿನ ಕಾಡಂಚಿನಲ್ಲಿ ತಂಗಿದ್ದೆವು ಎಂದು ವೈದ್ಯರಿಗೆ ಮೊದಲು ಹೇಳುವಂತೆ ತಿಳಿಸಿ.

ಇಂತಿ,
ಶಿಬಿರಾರ್ಥಿಗಳು
ಶಿವಮೊಗ್ಗ